ಹಗ್ಗ ಬಿಟ್ಟು ಬಂಡೆ ಹತ್ತುವ ತಮ್ಮ

ಪ್ರಿಯ ಸೋದರಿ,

ಡೊಂಬಿವಲಿಯಿಂದ ನೀವು ಬರೆದ ಪತ್ರ ಎರಡು ಸಲ ಓದಿದೆ. 24 ವರ್ಷದ ತಮ್ಮ ಶನಿವಾರ ಬಂತೆಂದರೆ ಮುಂಬ್ರಾ ಗುಡ್ಡದಲ್ಲಿರುತ್ತಾನೆ. ಮೊದಲು ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದವನು ಈಗ ಬರಿಗೈಲಿ ಹತ್ತುತ್ತಾನೆ. ಅಮ್ಮನಿಗೆ ಗೊತ್ತಿಲ್ಲ. ನೀವು ಬೈದರೆ, "ಬಿದ್ದರೆ ಸಾಯೋನು ನಾನು ತಾನೇ? ಅಪ್ಪ ಇಷ್ಟು ವರ್ಷ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಲಿಲ್ವಾ?" ಅಂತಾನೆ. ಇದು ಧೈರ್ಯವೋ ಹುಚ್ಚೋ, ತಡೆಯಲೋ ಬಿಡಲೋ ಅಂತ ಕೇಳಿದ್ದೀರಿ.

ಅಪ್ಪನ ಬಗ್ಗೆ ಅವನಾಡಿದ ಮಾತು ನನಗೆ ಚುಚ್ಚಿತು. ಅವರು ನೇತಾಡಿದ್ದು ಒಳಗೆ ಕಾಲಿಡೋಕೆ ಜಾಗ ಇಲ್ಲದೆ. ನಿಮ್ಮ ತಮ್ಮನ ಚೀಲದಲ್ಲಿ ಹಗ್ಗ ಇದೆ. ಆದರೂ ಒಂದು ವಿಷಯ ಇಬ್ಬರಿಗೂ ಅನ್ವಯಿಸುತ್ತದೆ. ರೂಢಿಯಾದಂತೆ ಭಯ ಕಡಿಮೆಯಾಗುತ್ತದೆ, ಅಪಾಯ ಕೂಡುತ್ತಾ ಹೋಗುತ್ತದೆ. ಒಂದು ಸಲ ಹತ್ತಿದಾಗ ಬೀಳುವ ಸಂಭವ ಸಾವಿರಕ್ಕೆ ಒಂದು ಅಂತಲೇ ಇಟ್ಟುಕೊಳ್ಳಿ. ಸಾವಿರ ಸಲ ಹತ್ತಿದರೆ, ಒಮ್ಮೆಯಾದರೂ ಬೀಳುವ ಸಂಭವ ನೂರಕ್ಕೆ 63. ಅಮೆರಿಕದ ಜಾನ್ ಬಾಕರ್ ದಶಕಗಳ ಕಾಲ ಹಗ್ಗವಿಲ್ಲದೆ ಹತ್ತಿದವರು. 2009ರಲ್ಲಿ, 52ನೇ ವಯಸ್ಸಿನಲ್ಲಿ, ಮನೆ ಹತ್ತಿರದ ಬಂಡೆಯಿಂದ ಬಿದ್ದು ತೀರಿಕೊಂಡರು.

ನಿಮ್ಮ ತಮ್ಮ ಅಲೆಕ್ಸ್ ಹೊನಾಲ್ಡ್ ಹೆಸರು ಹೇಳಿಯೇ ಹೇಳುತ್ತಾನೆ. 2017ರ ಜೂನ್ 3ರಂದು ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರ್ ಬಂಡೆಯನ್ನು ಆತ 4 ಗಂಟೆಯೊಳಗೆ ಒಂಟಿಯಾಗಿ, ಹಗ್ಗವಿಲ್ಲದೆ ಏರಿದ. ಹೇಳಲಿ. ಆಮೇಲೆ ನೀವು ಅದರ ಹಿಂದಿನ ವರ್ಷದ ಕಥೆ ಹೇಳಿ. 2016ರಲ್ಲೂ ಆತ ಹೊರಟಿದ್ದ, ಕ್ಯಾಮೆರಾದವರು ಕಾಯ್ತಾ ಇದ್ದರು. ಸ್ವಲ್ಪ ಮೇಲೆ ಹೋದ ಮೇಲೆ ಮನಸ್ಸು ಒಪ್ಪಲಿಲ್ಲ, ನಿಲ್ಲಿಸಿಬಿಟ್ಟ. ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಎಲ್ಲಿ ಬೆರಳು, ಎಲ್ಲಿ ಹೆಬ್ಬೆರಳು ಅಂತ ಬಾಯಿಪಾಠ ಮಾಡಿಕೊಂಡ. ನನಗೆ ಧೈರ್ಯ ಅನ್ನಿಸೋದು ಆ ವಾಪಸು ಬಂದದ್ದೇ. ತಮ್ಮನನ್ನು ಕೇಳಿ: ನೀನು ಅರ್ಧಕ್ಕೆ ಇಳಿದು ಬಂದದ್ದು ಯಾವಾಗ? ನೆನಪಿಗೆ ಒಂದೂ ಬರದಿದ್ದರೆ ನನಗೆ ನಿಜವಾಗಿ ಚಿಂತೆ ಆಗುತ್ತದೆ.

ಬಂಡೆಯೂ ಬೇರೆ. ಅಲ್ಲಿಯದು ಗಟ್ಟಿ ಗ್ರಾನೈಟ್. ನಮ್ಮ ಸಹ್ಯಾದ್ರಿ ಲಾವಾ ಪದರ ಪದರವಾಗಿ ಹರಿದು ಆದ ಕಪ್ಪುಕಲ್ಲು. ಪದರಗಳ ನಡುವೆ ಕೆಲವು ಕಡೆ ಕೆಂಪಗಿನ ಮೆದು ಪಟ್ಟಿ ಇರುತ್ತದೆ. ಪಳಗಿದವರು ಹಿಡಿಯುವ ಮೊದಲು ಕಲ್ಲನ್ನು ಅಂಗೈಯಿಂದ ತಟ್ಟಿ ಕಿವಿಗೊಡುತ್ತಾರೆ. ಟೊಳ್ಳು ಸದ್ದು ಬಂದರೆ ಅದನ್ನು ನಂಬುವುದಿಲ್ಲ. ಆದರೂ ಗಟ್ಟಿ ಅನ್ನಿಸಿದ್ದೇ ಒಮ್ಮೊಮ್ಮೆ ಕೈಗೆ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಪಾಚಿ, ಮುಂಬೈ ಸೆಕೆಗೆ ಬೆವರುವ ಬೆರಳು. ಇನ್ನು ಹೆಜ್ಜೇನು! ಗೂಡು ಎದ್ದರೆ ಹಗ್ಗ ಇದ್ದವನು ಒದ್ದಾಡಿಕೊಂಡಾದರೂ ಇಳಿದಾನು, ಇಲ್ಲದವನು ಕೈ ಬೀಸಿ ಓಡಿಸುವ ಹಾಗೂ ಇಲ್ಲ. ಎಷ್ಟು ಕಲಿತಿದ್ದರೂ ಅದು ಅವನ ತಪ್ಪನ್ನಷ್ಟೇ ತಡೆಯುತ್ತದೆ, ಕಲ್ಲಿನ ತಪ್ಪನ್ನಲ್ಲ.

"ಸಾಯೋನು ನಾನು ತಾನೇ" ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ಮೀಟರ್ ಮೇಲಿಂದ ಬಿದ್ದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಡ, ವೇಗ ಗಂಟೆಗೆ 50 ಕಿಲೋಮೀಟರ್. ಎಲ್ಲರೂ ಸಾಯುವುದಿಲ್ಲ. ಬೆನ್ನುಮೂಳೆ ಮುರಿದುಕೊಂಡು ಬದುಕುವವರೂ ಇದ್ದಾರೆ, ಆಗ ಮಗ್ಗುಲು ಬದಲಿಸಲು ಅಮ್ಮ ಬೇಕು. ಕಣಿವೆಯಿಂದ ಎತ್ತಿ ತರಲು ಲೋಣಾವಳದ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು ಕತ್ತಲಲ್ಲಿ ತಮ್ಮ ಜೀವ ಪಣಕ್ಕಿಟ್ಟು ಇಳಿಯುತ್ತಾರೆ.

ಹಾಗಂತ ಬಂಡೆಯನ್ನೇ ಬಿಡಿಸಬೇಡಿ. ಬೈದರೆ ಕದ್ದು ಹೋಗುತ್ತಾನೆ, ಒಬ್ಬನೇ ಹೋಗುತ್ತಾನೆ. ಅದು ಇನ್ನೂ ಕೆಟ್ಟದ್ದು. ಮುಂದಿನ ಶನಿವಾರ ನೀವೂ ಜೊತೆಗೆ ಹೊರಡಿ. ಕೆಳಗೆ ನಿಂತು ಹಗ್ಗ ಹಿಡಿಯುವುದನ್ನು, ಅವರ ಭಾಷೆಯಲ್ಲಿ ಬಿಲೇ ಕೊಡೋದನ್ನು, ಅವನಿಂದಲೇ ಸರಿಯಾಗಿ ಕಲಿಯಿರಿ. ಹಗ್ಗ ಹಿಡಿಯೋಕೆ ಜೊತೆಗಾರ ಸಿಗಲ್ಲ ಅಂತ ಎಷ್ಟೋ ಹುಡುಗರು ಹಾಗೇ ಹತ್ತಿಬಿಡುತ್ತಾರೆ. ಅಮ್ಮನಿಗೆ ವಿಷಯ ಅವನೇ ಹೇಳಲಿ, ಆದರೆ ಈ ತಿಂಗಳೊಳಗೆ.

— ಸಂ.