ಶಿಬಿರಕ್ಕೆ ಜನ ಬಾರದಿದ್ದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಅಟ್ಲಾಂಟಾದಲ್ಲಿ ಕಪ್ಪು ಕುಟುಂಬಗಳು ಹೆಚ್ಚಾಗಿರುವ ಬಡಾವಣೆಯೊಂದರಲ್ಲಿ ನಮ್ಮ ಕನ್ನಡ ಬಳಗದವರು ಉಚಿತ ತಪಾಸಣಾ ಶಿಬಿರ ನಡೆಸಿದೆವು. ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಆರೋಗ್ಯದ ಅರಿವು ಮೂಡಿಸುವುದು ಹೇಗೆ?

ಉತ್ತರ: ಈ ಪ್ರಶ್ನೆ ಊರಿನ ಹೆಸರನ್ನಷ್ಟೇ ಬದಲಾಯಿಸಿಕೊಂಡು ಪದೇ ಪದೇ ಬರುತ್ತದೆ; ಅರಿವು ಯಾರಿಗೆ ಇಲ್ಲವೆಂಬುದನ್ನು ಕೇಳುವವರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರಿ ವೈದ್ಯರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಗಂಡಸರಿಗೆ, ಅದನ್ನು ಗುಣಪಡಿಸುವ ಪೆನ್ಸಿಲಿನ್ ಬಳಕೆಗೆ ಬಂದ ಮೇಲೂ, ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ಗಮನಿಸುತ್ತ ಕುಳಿತರು. ಅವರನ್ನು ಕರೆತಂದದ್ದೂ ಉಚಿತ ತಪಾಸಣೆಯ ಆಸೆ ತೋರಿಸಿಯೇ. ಆ ನೆನಪು ಇರುವವರಿಗೆ ಅರಿವಿಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ.

ಮಿಸಿಸಿಪ್ಪಿಯ ಮೌಂಡ್ ಬಾಯೂ ಎಂಬ ಪುಟ್ಟ ಊರನ್ನು 1887ರಲ್ಲಿ ಕಟ್ಟಿದವರು ಗುಲಾಮಗಿರಿಯಿಂದ ಬಿಡುಗಡೆಗೊಂಡವರು. ಅಲ್ಲಿ 1942ರಲ್ಲಿ ಕಪ್ಪು ಜನರದೇ ಪರಸ್ಪರ ನೆರವಿನ ಸಂಘವೊಂದು ಸದಸ್ಯರ ಚಂದಾ ಹಣದಿಂದ ಟಬೋರಿಯನ್ ಆಸ್ಪತ್ರೆಯನ್ನು ತೆರೆಯಿತು. ಡಾ. ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಕೇಂದ್ರ ಸರಕಾರದ ಹಣದಿಂದ 1967ರಲ್ಲಿ ಡೆಲ್ಟಾ ಆರೋಗ್ಯ ಕೇಂದ್ರವನ್ನು ಆರಂಭಿಸಿದ್ದೂ ಅದೇ ಊರಿನಲ್ಲಿ. ಸಮುದಾಯ ಸಂಘಟಕ ಜಾನ್ ಹ್ಯಾಚ್ ಅವರು ಜನರ ಬಳಿಗೆ ಹೋಗಿ ಬೇಕಾದುದೇನೆಂದು ವಿಚಾರಿಸಿದಾಗ, ಹತ್ತಿ ಬಿಡಿಸುವ ಯಂತ್ರ ಬಂದು ಕೂಲಿ ಕಳೆದುಕೊಂಡಿದ್ದ ಅವರು ಕೇಳಿದ್ದು ಊಟ, ಕೆಲಸ, ಮನೆ. ಆಸ್ಪತ್ರೆಯ ಮಾತು ಆಮೇಲಿನದು. ವೈದ್ಯರು ಔಷಧ ಚೀಟಿಯಲ್ಲೇ ಹಾಲು, ತರಕಾರಿ, ಮಾಂಸ ಎಂದು ಬರೆದುಕೊಟ್ಟರು. ಅಂಗಡಿಯವರು ಸಾಮಾನು ಕೊಟ್ಟು ಬಿಲ್ಲನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿದರು, ಕೇಂದ್ರ ಅದನ್ನು ಔಷಧದ ಲೆಕ್ಕಕ್ಕೆ ಬರೆಯಿತು. ಇದಕ್ಕೆ ಆಕ್ಷೇಪ ಬಂದಾಗ, ಅಪೌಷ್ಟಿಕತೆಗೆ ವೈದ್ಯಗ್ರಂಥಗಳು ಹೇಳುವ ಮದ್ದು ಆಹಾರವೇ ಎಂದು ಗೈಗರ್ ಉತ್ತರಿಸಿದರು. ಮುಂದೆ ಜನರೇ ಸಹಕಾರಿ ಬೇಸಾಯ ಸಂಘ ಕಟ್ಟಿ ತರಕಾರಿ ಬೆಳೆದರು. ಕೇಂದ್ರವು ಬಾವಿ ತೋಡಿಸಿತು, ತರಗತಿಗಳನ್ನು ನಡೆಸಿ ಅಲ್ಲಿನ ಯುವಜನರನ್ನು ಕಾಲೇಜಿಗೆ ಸಿದ್ಧಪಡಿಸಿತು. ಆ ಬೇಸಾಯ ಸಂಘವನ್ನು ಕಟ್ಟುವಲ್ಲಿ ಮುಂದಿದ್ದ, ಗೇಣಿ ರೈತರ ಮಗಳಾದ ಎಲ್. ಸಿ. ಡಾರ್ಸಿ ಮುಂದೆ ಓದಿ ಡಾಕ್ಟರೇಟ್ ಪಡೆದು, ಅದೇ ಆರೋಗ್ಯ ಕೇಂದ್ರದ ನಿರ್ದೇಶಕಿಯಾದರು.

ಇನ್ನು ನಿಮ್ಮ ಶಿಬಿರ. ಅದರ ದಿನ, ಜಾಗ, ತಪಾಸಣೆಗಳ ಪಟ್ಟಿಯನ್ನು ಗೊತ್ತುಮಾಡಿದ ಸಭೆಯಲ್ಲಿ ಆ ಬಡಾವಣೆಯವರು ಎಷ್ಟು ಮಂದಿ ಇದ್ದರು? ರಕ್ತದೊತ್ತಡ ಹೆಚ್ಚಿದೆಯೆಂದು ಚೀಟಿ ಕೊಟ್ಟು ಸಂಜೆಗೆ ಶಾಮಿಯಾನ ಬಿಚ್ಚಿಕೊಂಡು ಹೋಗುವ ಶಿಬಿರಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಲಾಸ್ ಏಂಜಲಿಸ್ ಪ್ರದೇಶದ 52 ಕ್ಷೌರದಂಗಡಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 319 ಕಪ್ಪು ಗಂಡಸರಿದ್ದರು. ಔಷಧತಜ್ಞರು ಅಂಗಡಿಗೇ ಬಂದು ಮಾತ್ರೆ ಹೊಂದಿಸಿಕೊಟ್ಟ ಕಡೆ ಆರು ತಿಂಗಳಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕದಷ್ಟು ಇಳಿಯಿತು. ಕ್ಷೌರಿಕರು ತಿಳಿವಳಿಕೆ ಹೇಳಿ ವೈದ್ಯರನ್ನು ಕಾಣುವಂತೆ ಒತ್ತಾಯಿಸಿದ್ದಷ್ಟೇ ಆದ ಕಡೆ ಇಳಿದದ್ದು ಸುಮಾರು 9. ನಿಮ್ಮ 'ಅರಿವು' ಈ ಎರಡನೆಯ ಗುಂಪಿನದು. ಅಲ್ಲಿನ ಚರ್ಚಿನ ಹಿರಿಯರನ್ನೋ ಶಾಲೆಯ ಪೋಷಕರನ್ನೋ ಕಂಡು, ಹಣವನ್ನೂ ಅದನ್ನು ಖರ್ಚುಮಾಡುವ ತೀರ್ಮಾನವನ್ನೂ ಅವರ ಕೈಗೆ ಒಪ್ಪಿಸಿ. ಅದು ಒಪ್ಪಿಗೆಯಾಗದಿದ್ದರೆ ಶಿಬಿರವನ್ನು ಕೈಬಿಡುವುದೇ ಲೇಸು.

ಪ್ರಶ್ನೆ: ಕಪ್ಪು ಜನರಿಗೆ ನೋವು ಕಡಿಮೆ ತಿಳಿಯುತ್ತದೆಯಂತೆ, ನಿಜವೇ?

ಉತ್ತರ: ಸುಳ್ಳು, ಗುಲಾಮಗಿರಿಯನ್ನು ಸಮರ್ಥಿಸಲು ಹುಟ್ಟಿಸಿದ ಕಟ್ಟುಕಥೆ.

ಪ್ರಶ್ನೆ: ಮಗಳ ಸಹಪಾಠಿಗೆ ಸಿಕಲ್ ಸೆಲ್ ರಕ್ತಹೀನತೆ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದೆ. ಅದನ್ನು ಬೇರುಸಮೇತ ಗುಣಪಡಿಸುವ ಚೂರ್ಣದ ವಿಡಿಯೊವನ್ನು ಅವಳ ತಾಯಿಗೆ ಕಳುಹಿಸಲೇ?

ಉತ್ತರ: ಕಳುಹಿಸಬೇಡಿ. ಚೂರ್ಣ ಮಾರುವವನನ್ನು ನಂಬಿ ಈ ಕಾಯಿಲೆಯ ನೋವನ್ನು ತಡೆಯುವ ಹೈಡ್ರಾಕ್ಸಿಯೂರಿಯಾ ಔಷಧವನ್ನು ನಿಲ್ಲಿಸಿದರೆ ಮಗು ನೋವಿನಿಂದ ಆಸ್ಪತ್ರೆ ಸೇರಬೇಕಾದೀತು. ಮೈಯಲ್ಲಿ ನೀರು ಕಡಿಮೆಯಾದರೂ ಆ ನೋವು ಕೆರಳುವುದರಿಂದ, ತರಗತಿಯಲ್ಲಿ ನೀರು ಕುಡಿಯಲು, ಬೇಕೆಂದಾಗ ಶೌಚಾಲಯಕ್ಕೆ ಹೋಗಲು ಅನುಮತಿಯನ್ನು ಅಮೆರಿಕದ ಶಾಲೆಯಿಂದ ಲಿಖಿತ ಯೋಜನೆಯಾಗಿ ಕೇಳುವ ಹಕ್ಕು ತಾಯಿಗಿದೆ. ನೆರವಾಗುವ ಮನಸ್ಸಿದ್ದರೆ ಆ ಅರ್ಜಿಗೆ ನೆರವಾಗಿ. ಆ ಮಗುವಿಗೆ ಜ್ವರ 101 ಡಿಗ್ರಿ ದಾಟಿದರೆ ಬೆಳಗಾಗಲೆಂದು ಕಾಯದೆ, ಆ ಕ್ಷಣವೇ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು.