ನಾಯಕ ಯಾರ ಮನೆತನದ ಹೆಸರು?

ಪತ್ರ

ಮಸ್ಕಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: “ನನ್ನ ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಅವನ ಹೆಸರಿನ ಮುಂದೆ ನಾಯಕ ಎಂದಿದೆ. ಅವನ ಆಫೀಸಿನಲ್ಲಿ ಅಂಕೋಲಾ ಕಡೆಯ ನಾಯಕರೊಬ್ಬರು, ತಾಂಡಾದ ನಾಯ್ಕ ಹುಡುಗನೊಬ್ಬ, ಒಡಿಶಾದ ನಾಯಕ್ ಒಬ್ಬರು ಇದ್ದಾರಂತೆ. ‘ನೀವು ಯಾವ ನಾಯಕರು?’ ಎಂಬ ಪ್ರಶ್ನೆ ಕೇಳಿ ಕೇಳಿ ಮಗ ಬೇಸತ್ತಿದ್ದಾನೆ. ಕೋಟೆ ಕಟ್ಟಿ ಸೀಮೆ ಆಳಿದ ನಮ್ಮ ಹಿರಿಯರ ಹೆಸರನ್ನು ಎಲ್ಲರೂ ಹಂಚಿಕೊಂಡರೆ ನಮಗೆ ಉಳಿಯುವುದೇನು? ಮೂಲ ನಾಯಕರು ಯಾರು ಎಂಬುದನ್ನು ನಿಮ್ಮ ಪತ್ರಿಕೆ ಒಮ್ಮೆ ಖಚಿತವಾಗಿ ಹೇಳಿಬಿಡಬೇಕು. ಬೇರೆಯವರಿಂದ ಬೇರೆ ಕಾಣಲೆಂದು ಮಗ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿಕೊಳ್ಳುವ ಯೋಚನೆಯಲ್ಲಿದ್ದಾನೆ. ಅದರ ಬಗ್ಗೆಯೂ ಸಲಹೆ ಕೊಡಿ.”

ಸಂಪಾದಕರ ಉತ್ತರ

ಗುರುಗಳೇ, ನಿಮ್ಮ ಅಭಿಮಾನಕ್ಕೆ ಆಧಾರವಿದೆ. ಬಳ್ಳಾರಿ ಗುಡ್ಡದ ನೆತ್ತಿಯ ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು. ಕೆಳಗಿನ ಕೋಟೆ ಆಮೇಲೆ ಹೈದರಾಲಿಯ ಕಾಲದಲ್ಲಿ ಎದ್ದದ್ದು. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಕಥೆಯನ್ನು ನೀವು ಎಷ್ಟು ತಂಡ ಮಕ್ಕಳಿಗೆ ಪಾಠ ಮಾಡಿದ್ದೀರೋ. ಊರ ಅಂಚಿನಲ್ಲಿ ಇರಿಸಿ ಬೇಡರೆಂದು ಹೀಗಳೆಸಿಕೊಂಡ ಜನ ‘ನಾವು ನಾಯಕರು’ ಎಂದು ತಲೆಯೆತ್ತಿ ಹೇಳಿಕೊಂಡದ್ದು ನ್ಯಾಯವಾಗಿಯೇ ಇದೆ. ಅಷ್ಟನ್ನು ಮನಸಾರೆ ಒಪ್ಪುತ್ತೇನೆ. ಆದರೆ ‘ಮೂಲ ನಾಯಕರು ಯಾರು’ ಎಂದು ಪಟ್ಟ ಕಟ್ಟುವ ಕೆಲಸವನ್ನು ನಮ್ಮ ಪತ್ರಿಕೆಯ ಕೈಯಲ್ಲಿ ಮಾಡಿಸಬೇಡಿ. ಆ ಪ್ರಶ್ನೆಗೆ ಉತ್ತರವೇ ಇಲ್ಲ, ಯಾಕೆಂದರೆ ನಾಯಕ ಎಂಬುದು ಹುಟ್ಟಿನಲ್ಲಿ ವಂಶದ ಹೆಸರಲ್ಲ. ಅದು ಹುದ್ದೆ.

ವಿಜಯನಗರದ ಅರಸರು ದಂಡು ಸಾಕುವ ಮುಖಂಡರಿಗೆ ಸೀಮೆ ಬಿಟ್ಟುಕೊಡುತ್ತಿದ್ದರು. ಆ ಭೂಮಿಗೆ ಅಮರ ಎಂದು ಹೆಸರು, ಪಡೆದವನು ಅಮರನಾಯಕ. ಇಂತಿಷ್ಟು ಕಾಲಾಳು, ಇಂತಿಷ್ಟು ಕುದುರೆ ಸಿದ್ಧವಿರಬೇಕು, ಹುಟ್ಟುವಳಿಯ ಒಂದು ಪಾಲು ಅರಮನೆಗೆ ಸಲ್ಲಬೇಕು. ಯಾವ ಕುಲದವನು ಎಂಬುದಕ್ಕಿಂತ ಎಷ್ಟು ಜನರನ್ನು ಕಟ್ಟಿಕೊಂಡು ಬರಬಲ್ಲ ಎಂಬುದನ್ನು ಅರಸ ನೋಡುತ್ತಿದ್ದ. 1565ರ ಕಾಳಗದ ಬಳಿಕ ರಾಯರ ಹಿಡಿತ ಸಡಿಲವಾಗುತ್ತ ಹೋದಂತೆ ಈ ನಾಯಕರು ತಂತಮ್ಮ ಸೀಮೆಗಳಿಗೆ ತಾವೇ ದೊರೆಗಳಾದರು. ಚಿತ್ರದುರ್ಗದವರು ಬೇಡ ಸಮುದಾಯದವರು, ಕೆಳದಿಯವರು ಲಿಂಗಾಯತರು, ಮದುರೆಯವರು ತೆಲುಗು ಮಾತಾಡುವ ಮನೆತನದವರು. ತಂಜಾವೂರಿನಲ್ಲೂ ಜಿಂಜಿಯಲ್ಲೂ ನಾಯಕರೇ. ಇವರಲ್ಲಿ ಯಾರು ಯಾರಿಗೂ ದಾಯಾದಿಗಳಲ್ಲ. ಕೆಳದಿಗೂ ಚಿತ್ರದುರ್ಗಕ್ಕೂ ಮೇಲಿಂದ ಮೇಲೆ ಯುದ್ಧಗಳೇ ನಡೆದವು. ಹೆಸರು ಒಂದೇ ಎಂದು ಯಾರೂ ಕತ್ತಿ ಕೆಳಗಿಡಲಿಲ್ಲ.

ನೀವು ಮಸ್ಕಿ ಸೀಮೆಯವರು. ಹುದ್ದೆ, ಬಿರುದುಗಳನ್ನು ನೋಡಿ ವಂಶ ಹೇಳಹೊರಟರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ನಿಮ್ಮೂರ ಬಂಡೆಗಿಂತ ದೊಡ್ಡ ಸಾಕ್ಷಿ ದೇಶದಲ್ಲೇ ಇಲ್ಲ. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಓದಿದಾಗ ಬಂಡೆಗಳ ಮೇಲೆ, ಕಂಬಗಳ ಮೇಲೆ ಸಿಕ್ಕದ್ದು ‘ದೇವಾನಂಪಿಯ ಪಿಯದಸಿ’ ಎಂಬ ಒಬ್ಬ ದೊರೆ. ಯಾರೀತ? ಸಿಂಹಳದ ಚರಿತ್ರೆಯಲ್ಲಿ ದೇವಾನಂಪಿಯ ತಿಸ್ಸ ಎಂಬ ಅರಸನಿದ್ದ. ಬಿರುದು ಕೂಡಿಬಂತು, ಹಾಗಾಗಿ ಈತ ಲಂಕೆಯ ರಾಜನೇ ಇರಬೇಕು ಎಂದು ಪ್ರಿನ್ಸೆಪ್ ಮೊದಲು ಭಾವಿಸಿದ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಶವನ್ನು ಹುಡುಕಿ, ಪಿಯದಸಿ ಎಂದರೆ ಮಗಧದ ಅಶೋಕ ಎಂದು ತೋರಿಸಿಕೊಟ್ಟ. ಆದರೂ ಶಾಸನದಲ್ಲೇ ಆ ಹೆಸರು ಬೇಕಿತ್ತಲ್ಲ! ಅದು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಶಾಸನ ಕಂಡಾಗ. ‘ದೇವಾನಂಪಿಯಸ ಅಸೋಕಸ’ ಎಂದು ಅಲ್ಲಿ ನೇರವಾಗಿ ಕೊರೆದಿತ್ತು. ಆಮೇಲೆ ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ದೊರೆಯಿತು. ದೇವಾನಂಪಿಯ ಎಂಬ ಒಂದೇ ಬಿರುದನ್ನು ಕಡಲಿನ ಆಚೆ ಈಚೆ ಇಬ್ಬರು ಧರಿಸಿದ್ದರು, ಲಿಪಿ ಓದಿದ ಮಹಾ ವಿದ್ವಾಂಸನೇ ದಾರಿ ತಪ್ಪಿದ. ಗುರುಗಳೇ, ಈ ಬಂಡೆಯ ನೆರಳಿನಲ್ಲಿ ಪಾಠ ಹೇಳಿದ ನೀವು ಬಿರುದು ಹಿಡಿದು ರಕ್ತಸಂಬಂಧ ಅಳೆಯಬಾರದು.

ಲಂಕೆಯ ಮಾತು ಬಂತು. ನಾಯಕ ಪದದ ದೊಡ್ಡ ಪ್ರಯಾಣ ನಡೆದದ್ದು ಅಲ್ಲಿಗೇ. ಕ್ಯಾಂಡಿಯ ಅರಸರು ಮದುರೆ ಕಡೆಯಿಂದ ಹೆಣ್ಣು ತರುತ್ತಿದ್ದರು. 1739ರಲ್ಲಿ ಅರಸ ನರೇಂದ್ರಸಿಂಹ ತೀರಿಕೊಂಡಾಗ ಪಟ್ಟಕ್ಕೆ ಮಗನಿರಲಿಲ್ಲ. ರಾಣಿಯ ತಮ್ಮನನ್ನೇ ಸಿಂಹಾಸನಕ್ಕೆ ಕೂರಿಸಿದರು. ಹೀಗೆ ನಾಯಕ್ಕರ್ ಮನೆತನದ ನಾಲ್ವರು 1815ರವರೆಗೆ ಕ್ಯಾಂಡಿಯನ್ನು ಆಳಿದರು. ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹನನ್ನು ಬ್ರಿಟಿಷರು ಹಿಡಿದು ವೆಲ್ಲೂರಿಗೆ ತಂದಿಟ್ಟರು, ಆತ ಅಲ್ಲೇ ಸತ್ತ. ಈ ಸಾಲಿನ ಎರಡನೆಯವನು ಕೀರ್ತಿಶ್ರೀ. ದಕ್ಷಿಣ ಭಾರತದ ಹಿಂದೂ ಮನೆತನದವನು, ಆದರೆ ಲಂಕೆಯಲ್ಲಿ ಕಡಿದುಹೋಗಿದ್ದ ಭಿಕ್ಷು ದೀಕ್ಷೆಯ ಪರಂಪರೆಯನ್ನು 1753ರಲ್ಲಿ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ ಮತ್ತೆ ಕೂಡಿಸಿದವನು ಅವನೇ. ಇವತ್ತು ಅಲ್ಲಿನ ಭಿಕ್ಷುಸಂಘದ ಅತಿ ಹಿರಿಯರಿಗೆ ಮಹಾನಾಯಕ ಥೇರ ಎನ್ನುತ್ತಾರೆ. ಕತ್ತಿ ಹಿಡಿದವನ ಪದ ಕಾವಿ ಉಟ್ಟವನಿಗೂ ಸಂದಿದೆ.

ಅಲ್ಲಿನ ಅಡ್ಡಹೆಸರುಗಳನ್ನು ನೋಡಿ. ದೇಶದ ಮೊದಲ ಪ್ರಧಾನಿ ಸೇನಾನಾಯಕ. 1960ರಲ್ಲಿ ಪ್ರಪಂಚದಲ್ಲೇ ಮೊದಲ ಮಹಿಳಾ ಪ್ರಧಾನಿಯಾದ ಸಿರಿಮಾವೋ ಅವರು ಬಂಡಾರನಾಯಕೆ. 2024ರಲ್ಲಿ ರಾಷ್ಟ್ರಾಧ್ಯಕ್ಷರಾದ ಅನುರ ಕುಮಾರ ಅವರು ದಿಸ್ಸನಾಯಕೆ. ಸೇನಾನಾಯಕ ಎಂದರೆ ನಮ್ಮ ಶಾಸನಗಳ ದಂಡನಾಯಕನೇ. ಒಮ್ಮೆ ಆನೆಗುಂದಿಯಲ್ಲಿ ಶ್ರೀಲಂಕಾದ ವಯಸ್ಸಾದ ದಂಪತಿ ಸಿಕ್ಕಿದ್ದರು. ಊಟದ ಮನೆಯ ಪುಸ್ತಕದಲ್ಲಿ ಅವರು ಬರೆದ ದಿಸ್ಸನಾಯಕೆ ಎಂಬ ಹೆಸರು ಕಂಡದ್ದೇ ತಡ, ಬಡಿಸುತ್ತಿದ್ದ ಹುಡುಗ “ನಮ್ಮವರು ಬಂದಾರ್ರೀ!” ಎಂದು ಒಳಗೆ ಕೂಗಿ, ಎಲೆಗೆ ಇನ್ನೊಂದು ಹೋಳಿಗೆ ತಂದು ಹಾಕಿದ. ಆ ಹುಡುಗನೂ ನಾಯಕನೇ. ಹೆಸರು ಹಂಚಿಕೊಂಡವರು ಸಿಕ್ಕಾಗ ಅವನಿಗೆ ಏನೂ ಕಳೆದುಹೋಗಲಿಲ್ಲ, ನೆಂಟರು ಸಿಕ್ಕರು. ನಿಮ್ಮ ಮಗನಿಗೂ ಆ ಆಫೀಸಿನಲ್ಲಿ ಅಂಥ ಮೂವರು ಸಿಕ್ಕಿದ್ದಾರೆ.

ಇನ್ನು ದೇಶದೊಳಗೆ ಬನ್ನಿ. ಉತ್ತರ ಕನ್ನಡದಲ್ಲಿ ನಾಡವರು ನಾಯಕರು, ನಾಮಧಾರಿಗಳು ನಾಯ್ಕರು, ಕೊಂಕಣಿ ಮಾತಾಡುವ ಸಾರಸ್ವತರಲ್ಲೂ ನಾಯಕರಿದ್ದಾರೆ. ಲಂಬಾಣಿ ತಾಂಡಾದಲ್ಲಿ ನ್ಯಾಯ ಹೇಳುವ ಯಜಮಾನನೇ ನಾಯಕ್, ಅವನ ಜೊತೆಗೆ ಕಾರಭಾರಿ. ನಿಮ್ಮ ಮಗನ ಜೊತೆಯ ತಾಂಡಾದ ಹುಡುಗ ಆ ಹೆಸರನ್ನು ಯಾರಿಂದಲೂ ಎರವಲು ತಂದವನಲ್ಲ. ತೆಲುಗಿನಲ್ಲಿ ನಾಯುಡು, ತಮಿಳಿನಲ್ಲಿ ನಾಯಕ್ಕರ್, ಒಡಿಶಾದಲ್ಲಿ ಪಟ್ನಾಯಕ್. ಈರೋಡಿನ ಕನ್ನಡ ಮಾತಿನ ಮನೆಯಲ್ಲಿ ಹುಟ್ಟಿದ ಪೆರಿಯಾರ್ ರಾಮಸ್ವಾಮಿ ನಾಯ್ಕರ್ 1929ರ ಚೆಂಗಲ್ಪಟ್ಟು ಸಮ್ಮೇಳನದ ಹೊತ್ತಿಗೆ ಆ ಬಾಲವನ್ನೇ ಕಿತ್ತುಹಾಕಿದರು, ಹೆಸರಿನ ತುದಿಯ ಜಾತಿ ಯಾರಿಗೂ ಬೇಡ ಎಂದು. ಒಬ್ಬರು ಹೆಮ್ಮೆಯಿಂದ ಕಟ್ಟಿಕೊಂಡದ್ದನ್ನು ಇನ್ನೊಬ್ಬರು ಹೆಮ್ಮೆಯಿಂದಲೇ ಬಿಚ್ಚಿಟ್ಟರು. ಎರಡಕ್ಕೂ ಅದರದರ ಕಾರಣವಿತ್ತು.

ಸೈನ್ಯದ ಸಂಗತಿ ಹೇಳದೆ ಮುಂದೆ ಹೋಗಲಾರೆ. ಭಾರತದ ಭೂಸೇನೆಯಲ್ಲಿ ತೋಳಿನ ಮೇಲೆ ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು, ಅದರಡಿಯಲ್ಲಿ ಆರು ದಿನ ಜೀವ ಹಿಡಿದಿದ್ದು ಕೊನೆಗೆ ದಿಲ್ಲಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ನಮ್ಮ ಬೆಟದೂರಿನ ಯೋಧ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆಗ ಊರೂರಿನಲ್ಲಿ ಬ್ಯಾನರ್ ಕಟ್ಟಿದರಲ್ಲ, ಎಷ್ಟೋ ಕಡೆ ‘ಹನುಮಂತಪ್ಪ ನಾಯಕ’ ಎಂದು ಬರೆಸಿದ್ದನ್ನು ನಾನೇ ಕಂಡೆ. ನನಗೆ ಬಹಳ ನೋವಾಯಿತು. ಕೊಪ್ಪದ ಎಂಬುದು ಅವರ ಮನೆಯ ಹೆಸರು. ಅಷ್ಟು ಎತ್ತರದ ಹಿಮದಲ್ಲಿ ಜೀವ ಕೊಟ್ಟವರಿಗೆ ಅವರ ಮನೆಯ ಹೆಸರನ್ನಾದರೂ ಸರಿಯಾಗಿ ಕೊಡಬೇಕಿತ್ತು.

ಈ ನೋವಿನ ಬುಡ ಎಲ್ಲಿದೆ ಎಂದು ಹೇಳುತ್ತೇನೆ. ಹುದ್ದೆಯ ಹೆಸರು, ಜಾತಿಯ ಹೆಸರುಗಳ ಮೇಲೆ ನಮಗಿರುವ ಮೋಹ ಮನೆತನದ ಹೆಸರಿನ ಮೇಲೆ ಉಳಿದಿಲ್ಲ. ಕೊಪ್ಪಳ, ರಾಯಚೂರು ಸೀಮೆಯ ಅಡ್ಡಹೆಸರುಗಳೆಂದರೆ ನಮ್ಮ ನೆಲದ ದೊಡ್ಡ ಆಸ್ತಿ. ಊರ ಬಾಗಿಲ ಪಕ್ಕದ ಮನೆಯವರು ಅಗಸಿಮನಿ. ಮುಂದೆ ಕಟ್ಟೆ ಇದ್ದವರು ಕಟ್ಟಿಮನಿ. ಓಲೆ ಒಯ್ಯುತ್ತಿದ್ದವರು ವಾಲೀಕಾರ, ಊರು ಕಾಯುತ್ತಿದ್ದವರು ತಳವಾರ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹುಣಸಿಮರದ. ಒಂದೊಂದು ಹೆಸರಿನ ಹಿಂದೆ ಒಂದು ಹೊಲ, ಒಂದು ವ್ಯಾಪಾರ, ಒಂದು ಮರ ನಿಂತಿದೆ. ಮದುವೆ ಮನೆಗೆ ಓಣಿಯವರಿಂದ ತಂದ ಪಾತ್ರೆ ತಿರುಗಿಸಿ ನೋಡಿ. ಕೊಳಗದ ಕಂಠದ ಕೆಳಗೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರಗಳಿರುತ್ತವೆ, ತಿಕ್ಕಿ ತಿಕ್ಕಿ ಅರ್ಧ ಸವೆದಿರುತ್ತವೆ: ‘ಅಗಸಿಮನಿ’. ಒಂದೇ ಓಣಿಯಲ್ಲಿ ಐದಾರು ಬಸಮ್ಮಂದಿರು ಇರುವಾಗ ಕೊಳಗ ಸರಿಯಾದ ಮನೆಗೆ ಮರಳುವುದು ಆ ಒಂದು ಪದದಿಂದ.

ಇಂಥ ಹೆಸರನ್ನು ನಮ್ಮ ಮಕ್ಕಳು ನಾಚಿಕೆಯಿಂದ ಬಿಡುತ್ತಿದ್ದಾರೆ. ಕುಷ್ಟಗಿ ತಾಲೂಕಿನ ಹುಡುಗಿಯೊಬ್ಬಳು, ಮೆಣಸಿನಕಾಯಿ ಮನೆತನದವಳು, ನೌಕರಿಯ ಸಂದರ್ಶನಕ್ಕೆ ಹೋದಾಗ ಹೆಸರು ಓದಿ ಮೇಜಿನ ಆಚೆಯವರು ನಕ್ಕರಂತೆ. ಮನೆಗೆ ಬಂದು ಅತ್ತಳು. ತಂದೆ ಅಫಿಡವಿಟ್ ಮಾಡಿಸಿ, ಪೇಪರಿನಲ್ಲಿ ಜಾಹೀರಾತು ಕೊಟ್ಟು, ಅಡ್ಡಹೆಸರು ತೆಗೆಸಿ ಇನಿಶಿಯಲ್ ಉಳಿಸಿದರು. ಆಮೇಲೆ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಬಂತು. ತುಂಬಲು ಏನೂ ಇರಲಿಲ್ಲ! ನಕ್ಕವರು ಓದಿದವರು, ದೊಡ್ಡ ಸಂಬಳದವರು. ಅವರಿಗೆ ಯಾರಾದರೂ ಸ್ಮಿತ್ ಎಂದು ಪರಿಚಯಿಸಿಕೊಂಡರೆ ಎದ್ದು ಕೈಕುಲುಕುತ್ತಾರೆ. ಇಂಗ್ಲಿಷಿನ ಸ್ಮಿತ್, ಜರ್ಮನ್ನಿನ ಶ್ಮಿಟ್, ಹಂಗೇರಿಯ ಕೊವಾಚ್, ಅರಬ್ಬಿಯ ಹದ್ದಾದ್, ಸ್ಪೇನಿನ ಹೆರೇರೊ, ಎಲ್ಲರೂ ನಮ್ಮ ಕಮ್ಮಾರರೇ. ಊರೂರಿಗೆ ಕುಲುಮೆ ಇತ್ತು, ಊರೂರಿಗೆ ಆ ಹೆಸರು ಬಂತು. ಮೂಲ ಕಮ್ಮಾರ ಯಾರು ಎಂದು ಅಲ್ಲಿ ಯಾರೂ ಪತ್ರಿಕೆಗೆ ಪತ್ರ ಬರೆಯುವುದಿಲ್ಲ.

ಈ ಅರ್ಜಿಗಳ ಖಾನೆಯೂ ನನಗೆ ಸಿಟ್ಟು ತರಿಸುತ್ತದೆ. ಪ್ರಪಂಚದ ಎಲ್ಲರಿಗೂ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ತುಂಡು ಇರಲೇಬೇಕೆಂದು ಯಾರು ಹೇಳಿದರು? ಐಸ್‌ಲ್ಯಾಂಡಿನಲ್ಲಿ ಬಹುತೇಕರಿಗೆ ತಂದೆಯ ಹೆಸರೇ ಗುರುತು, ಇಂಥವನ ಮಗ, ಇಂಥವನ ಮಗಳು ಎಂದು. ಬರ್ಮಾದವರಿಗೆ ಮನೆತನದ ಹೆಸರಿನ ರೂಢಿಯೇ ಇಲ್ಲ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಊ ಥಾಂಟ್ ಅವರ ಹೆಸರಿನಲ್ಲಿ ಊ ಎಂಬುದು ನಮ್ಮ ಶ್ರೀಯುತದಂತೆ ಬರೀ ಗೌರವ. ತುರ್ಕಿಯಲ್ಲಿ 1934ರಲ್ಲಿ ಕಾಯ್ದೆ ಮಾಡಿ ಪ್ರತಿಯೊಬ್ಬರೂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದರು. ನಮ್ಮಲ್ಲಿ ಕಾಯ್ದೆ ಬರಲಿಲ್ಲ, ಅರ್ಜಿಯ ಖಾನೆ ಬಂತು. ಅದನ್ನು ತುಂಬುವ ಅವಸರದಲ್ಲಿ ಜಾತಿ ಸೂಚಿಸುವ ಪದ ಬರೆದು ಕೈತೊಳೆದುಕೊಂಡೆವು. ಒಂದೇ ಊರಿನ ಹತ್ತಾರು ಮನೆತನಗಳು ಹೀಗೆ ಒಂದೇ ಪದದೊಳಗೆ ಕರಗಿಹೋದವು. ನಿಮ್ಮ ಮಗನಿಗೆ ‘ಯಾವ ನಾಯಕರು?’ ಎಂಬ ಪ್ರಶ್ನೆ ಎದುರಾಗುತ್ತಿರುವುದು ಇದರಿಂದಲೇ ಹೊರತು, ಅಂಕೋಲೆಯವರಿಂದಲೂ ಒಡಿಶಾದವರಿಂದಲೂ ಅಲ್ಲ.

ಸ್ಪೆಲ್ಲಿಂಗ್ ವಿಷಯಕ್ಕೆ ನನ್ನ ಸಲಹೆ ನೇರವಾಗಿದೆ: ಬದಲಿಸಬೇಡಿ. ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕು, ಭವಿಷ್ಯನಿಧಿ, ಎಲ್ಲದರಲ್ಲೂ ಅದೇ ಅಕ್ಷರಗಳು ಇರಬೇಕು. ಒಂದು ಅಕ್ಷರ ಸರಿಸಿದರೆ ವರ್ಷಗಟ್ಟಲೆ ಕಚೇರಿ ಅಲೆಯಬೇಕು. ಜಾತಿ ಪ್ರಮಾಣಪತ್ರದಲ್ಲೂ ವ್ಯತ್ಯಾಸ ಬಂದರೆ ಮುಂದೆ ಮೊಮ್ಮಕ್ಕಳಿಗೆ ತೊಂದರೆ. ಅಷ್ಟು ಮಾಡಿದ ಮೇಲೂ ಆ ಪ್ರಶ್ನೆ ನಿಲ್ಲುವುದಿಲ್ಲ.

ಅದರ ಬದಲು ಬೇರೊಂದು ಕೆಲಸ ಮಾಡಿ. ನಿಮ್ಮ ಮನೆಗೆ ನಾಯಕ ಎಂಬುದಕ್ಕಿಂತ ಒಳಗಿನದೊಂದು ಹೆಸರು ಇದ್ದೇ ಇರುತ್ತದೆ. ನಿಮ್ಮ ಓಣಿಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಸೊಸೆಯಾಗಿ ಬಂದ ಹೊಸತರಲ್ಲಿ ‘ಇಂಥವರ ಮನಿಗೆ ಬಂದೀನಿ’ ಎಂದು ಅವರು ಹೇಳಿಕೊಂಡಿರುತ್ತಾರೆ. ಹೊಲದ ಹಳೆಯ ಕಾಗದಪತ್ರಗಳನ್ನು ತೆಗೆಸಿ ನೋಡಿ. ಇವೆಲ್ಲಕ್ಕಿಂತ ಹೆಚ್ಚಾಗಿ ಹೆಳವರಿಗಾಗಿ ಕಾಯಿರಿ. ಸುಗ್ಗಿ ಮುಗಿದ ಮೇಲೆ ನಿಮ್ಮ ಸೀಮೆಗೂ ಅವರು ಬರುತ್ತಾರೆ. ನಿಮ್ಮ ಮೂಲ ಪುರುಷ ಯಾವ ಊರಿನಿಂದ ಹೊರಟ, ಯಾಕೆ ಹೊರಟ, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು ಎಂಬುದನ್ನು ಅಂಗಳದಲ್ಲಿ ನಿಂತು ಹೇಳಿ, ದವಸವನ್ನೋ ದುಡ್ಡನ್ನೋ ಪಡೆದು ಹೋಗುವ ಜನ ಅವರು. ಎಷ್ಟೋ ಮನೆಗಳಲ್ಲಿ ಈಗ ಅವರನ್ನು ಬಾಗಿಲಿನಿಂದಲೇ ಮುಂದೆ ಕಳಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಕೂರಿಸಿ, ಊಟಕ್ಕೆ ಹಾಕಿ, ಮಗನಿಗೆ ಎರಡು ದಿನ ರಜೆ ಹಾಕಿಸಿ ಕರೆಸಿಕೊಂಡು ಅವನ ಕೈಯಲ್ಲೇ ಬರೆಸಿ. ಬರೆದದ್ದರ ಒಂದು ಪ್ರತಿ ನಮಗೂ ಕಳಿಸಿ. ಪತ್ರಿಕೆಯಲ್ಲಿ ಪುಟ ತೆಗೆದಿರಿಸುತ್ತೇನೆ.