ಉಡುಪಿ ಕಾಲೇಜು ಫಿಲ್ಮ್ ಕ್ಲಬ್‌ನಲ್ಲಿ ‘ಸೇವ್ಡ್!’: ಪೋಷಕರ ಆಕ್ಷೇಪಕ್ಕೆ

ನಿಮ್ಮ ಫಿಲ್ಮ್ ಕ್ಲಬ್‌ನಲ್ಲಿ ತೋರಿಸಹೊರಟ ‘ಸೇವ್ಡ್!’ (2004), ಅಂದ್ರೆ ಅಮೆರಿಕದ ಕ್ರೈಸ್ತ ಹೈಸ್ಕೂಲೊಂದರ ವಿಡಂಬನೆಯ ಸಿನಿಮಾ, ಕ್ರೈಸ್ತರಿಗೆ ಅವಮಾನ ಅಂತ ಪೋಷಕರು ಹೇಳ್ತಿದ್ದಾರಲ್ಲ, ಬಹುಶಃ ಹಿಲರಿ ಫೇ ಎಂಬ ವಿದ್ಯಾರ್ಥಿನಿ ಸಹಪಾಠಿ ಮೇರಿಯತ್ತ ಬೈಬಲ್ ಎಸೆಯುವ ತುಣುಕು ಮಾತ್ರ ನೋಡಿರಬೇಕು. ಅದೊಂದನ್ನೇ ನೋಡಿದರೆ ಯಾರಿಗಾದರೂ ನೋವಾಗುತ್ತೆ. ಮೊದಲು ಆಕ್ಷೇಪಿಸಿದವರನ್ನೂ ಪ್ರಿನ್ಸಿಪಾಲರನ್ನೂ ಕೂರಿಸಿ ಪೂರ್ತಿ ತೋರಿಸಿ. ‘ಕ್ರಿಸ್ತನ ಪ್ರೀತಿ ನನ್ನಲ್ಲಿ ತುಂಬಿದೆ’ ಅಂತ ಕಿರುಚುತ್ತಲೇ ಅವಳು ಗ್ರಂಥ ಎಸೆಯೋದು. ಸಿನಿಮಾ ಖಂಡಿಸೋದು ಆ ದರ್ಪವನ್ನು, ಭಕ್ತಿಯನ್ನಲ್ಲ. ಗರ್ಭಿಣಿ ಮೇರಿಯ ಕೈಬಿಡದ ಪ್ಯಾಟ್ರಿಕ್ ಪಾಸ್ಟರರ ಮಗ, ಅವನೂ ನಂಬಿಕೆಯುಳ್ಳವನೇ. ಇದನ್ನು ಬಿಡಿಸಿ ಹೇಳಿ.

ಆಮೇಲೆ ಚರ್ಚೆಯನ್ನು ಕನಕನ ಕಿಂಡಿಯಿಂದ ಶುರು ಮಾಡಿ, ಒಂದೇ ಧರ್ಮದ ಕಡೆ ಬೆರಳು ತೋರಿಸಿದ ಹಾಗಾಗಲ್ಲ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 (13 ವರ್ಷದೊಳಗಿನವರ ವಿಷಯದಲ್ಲಿ ಪೋಷಕರು ಎಚ್ಚರ ವಹಿಸಿ ಅನ್ನೋ ದರ್ಜೆ) ಸಿಕ್ಕಿದೆ, ಪಿಯುಸಿಯವರಿಗೆ ಸಾಕು, ಹೈಸ್ಕೂಲಿನವರನ್ನು ಕರೆಯಬೇಡಿ. ಎಲ್ಲರೂ ಒಪ್ಪುತ್ತಾರೆಂಬ ಖಾತ್ರಿ ನನಗಿಲ್ಲ. ಒಪ್ಪದವರ ಮಕ್ಕಳಿಗೆ ಹಾಜರಾತಿ ಕಡ್ಡಾಯ ಮಾಡಬೇಡಿ.